ಡ್ರ್ಯಾಕ್ಸ್ ಸ್ಥಾವರದ ಕುರಿತು ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಇಂಗ್ಲೆಂಡಿನ ಉತ್ತರ ಯಾರ್ಕ್‌ಷೈರ್‌ನಲ್ಲಿರುವ ಡ್ರ್ಯಾಕ್ಸ್ ವಿದ್ಯುತ್ ಸ್ಥಾವರದ ಎಲ್ಲ ಘಟಕಗಳೂ ಜೀವರಾಶಿ ಇಂಧನಕ್ಕೆ, ಅಂದರೆ ಕಟ್ಟಿಗೆಯಂಥ ಸಸ್ಯಮೂಲದ ಉರುವಲಿಗೆ, ಬದಲಾದವು ಎಂಬ ಸಂದೇಶ ಗುಂಪಿನಲ್ಲಿ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸ್ಪಷ್ಟನೆ ನೀಡಬೇಕಾಗಿದೆ. 1974ರಲ್ಲಿ ಉತ್ಪಾದನೆ ಆರಂಭಿಸಿದ ಈ ಕಲ್ಲಿದ್ದಲು ಸ್ಥಾವರದ ಆರು ಘಟಕಗಳಲ್ಲಿ ನಾಲ್ಕನ್ನು ಮಾತ್ರ 2013ರಿಂದ 2018ರ ನಡುವೆ ಪರಿವರ್ತಿಸಲಾಯಿತು. ಉಳಿದೆರಡು 2023ರಲ್ಲಿ ಮುಚ್ಚಿದವು.

ಪರಿವರ್ತನೆಯೆಂದರೆ ಒಲೆಗೆ ಸೌದೆ ಒಟ್ಟಿದಷ್ಟು ಸುಲಭವಲ್ಲ. ಕಲ್ಲಿದ್ದಲನ್ನು ಮಳೆಯಲ್ಲೂ ಬಯಲಿನಲ್ಲೇ ರಾಶಿ ಹಾಕಬಹುದು; ಆದರೆ ಮರದ ಹೊಟ್ಟನ್ನು ಒತ್ತಿ ಮಾಡಿದ ಪೆಲೆಟ್ ಗುಳಿಗೆಗಳು ನೀರು ತಾಗಿದರೆ ಉಬ್ಬಿ ಪುಡಿಯಾಗುತ್ತವೆ, ರಾಶಿಯ ಒಡಲಲ್ಲೇ ಕಾವೇರುತ್ತವೆ, ಅವುಗಳ ದೂಳಿಗೆ ಕಿಡಿ ತಗುಲಿದರೆ ಸ್ಫೋಟಿಸಲೂಬಹುದು. ಆದ್ದರಿಂದಲೇ ಅಲ್ಲಿ ಸುಮಾರು 50 ಮೀಟರ್ ಎತ್ತರದ ನಾಲ್ಕು ಬಿಳಿ ಗುಮ್ಮಟಗಳನ್ನು ಕಟ್ಟಿ, ಗುಳಿಗೆಗಳನ್ನು ಒಣಗಿದ ಸ್ಥಿತಿಯಲ್ಲೇ ಕಾಯ್ದಿಡಲಾಗಿದೆ. (ಚಿತ್ರಗಳಲ್ಲಿ ಕಾಣುವ ಅವು ತಂಪಾಗಿಸುವ ಗೋಪುರಗಳಲ್ಲ.)

ಕಟ್ಟಿಗೆ ಉರಿದಾಗಲೂ ಚಿಮಣಿಯಿಂದ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಮರಗಳು ಮತ್ತೆ ಬೆಳೆದು ಅದನ್ನು ಹೀರಿಕೊಳ್ಳುತ್ತವೆ ಎಂಬ ಎಣಿಕೆಯ ಮೇಲೆಯೇ ‘ಇಂಗಾಲ ತಟಸ್ಥ’ ಎಂಬ ವಾದ ನಿಂತಿದೆ. ನನಗೆ ಆ ಪದವೇ ಅವಸರದ್ದೆನಿಸುತ್ತದೆ, ಏಕೆಂದರೆ ಉರಿಯುವುದು ಕ್ಷಣದ ಕೆಲಸ, ಬೆಳೆಯುವುದು ದಶಕಗಳದ್ದು. ಈ ವಿಷಯದ ಸಂದೇಶಗಳನ್ನು ಹಂಚುವ ಮುನ್ನ ಘಟಕಗಳ ಸಂಖ್ಯೆ ಮತ್ತು ಇಸವಿಗಳನ್ನು ದಯವಿಟ್ಟು ಪರಿಶೀಲಿಸಿಕೊಳ್ಳಿ.