ಆ ಸಂಜೆ ಸೀಲ್ ಹಾಕಿಕೊಟ್ಟವರಿಗೆ

ಇನ್‌ಸ್ಪೈರ್ ಫ್ಯಾಕಲ್ಟಿ ಫೆಲೋಶಿಪ್‌ಗೆ ಅರ್ಜಿ ಹಾಕಲು ಅದೇ ಕೊನೆಯ ದಿನ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಕೊಡುವ ಈ ಫೆಲೋಶಿಪ್ ಸಿಕ್ಕರೆ 5 ವರ್ಷ ಸಂಬಳ, ಸಂಶೋಧನೆಗೆ ವರ್ಷಕ್ಕೆ 7 ಲಕ್ಷ ರೂಪಾಯಿ. ಅದಕ್ಕಿಂತ ಜಾಸ್ತಿ, ಬೇರೆಯವರ ಪ್ರಾಜೆಕ್ಟಿನಲ್ಲಲ್ಲ, ನನ್ನದೇ ಪ್ರಶ್ನೆಯ ಮೇಲೆ ಕೆಲಸ. ಆದರೆ ಸೇರಬೇಕಿರುವ ಸಂಸ್ಥೆಯ ಒಪ್ಪಿಗೆ ಪತ್ರ ಬೇಕೇ ಬೇಕು. ನನ್ನ ಪತ್ರದಲ್ಲಿ ಸಹಿ ಇತ್ತು, ಸೀಲ್ ಇರಲಿಲ್ಲ. ಅದನ್ನು ನೋಡಿದ್ದು ಸಂಜೆ ಐದಕ್ಕೆ.

ಓಡಿ ಬಂದಾಗ ಆಫೀಸಿನಲ್ಲಿ ನೀವೊಬ್ಬರೇ ಇದ್ದಿರಿ ಸರ್. ಊಟದ ಡಬ್ಬಿ ಚೀಲಕ್ಕೆ ಹಾಕಿ ಹೊರಟಿದ್ದಿರಿ. ನನ್ನ ಮುಖ ನೋಡಿ ಚೀಲ ಕೆಳಗಿಟ್ಟಿರಿ. "ಮೊದಲು ನೀರು ಕುಡಿಯಮ್ಮ" ಅಂದಿರಿ. ಸುಮ್ನೆ ಸೀಲ್ ಒತ್ತಿ ಕಳಿಸಬಹುದಿತ್ತು, ಅಲ್ವಾ? ನೀವು ಪತ್ರ ಪೂರ್ತಿ ಓದಿದಿರಿ. ನನ್ನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು, ನನಗೇ ಕಂಡಿರಲಿಲ್ಲ. ಹೊಸದಾಗಿ ಟೈಪ್ ಮಾಡಿದಿರಿ. ಹೊರಡುತ್ತಿದ್ದ ಡೀನ್ ಅವರನ್ನು ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ಸಹಿ ತಂದಿರಿ. ಸ್ಕ್ಯಾನ್ ಆಗಿ ಅರ್ಜಿ ಹೋಗುವವರೆಗೂ ಪಕ್ಕದಲ್ಲೇ ನಿಂತಿದ್ದಿರಿ. ನಿಮ್ಮ ಬಸ್ಸು ತಪ್ಪಿತು. ನನಗೆ ಅಳು ಬಂತು.

ಫೆಲೋಶಿಪ್ ಸಿಕ್ಕಿತು. ನಾನು ಸೇರುವಷ್ಟರಲ್ಲಿ ನೀವು ನಿವೃತ್ತರಾಗಿದ್ದಿರಿ. ಮೊನ್ನೆ ನನ್ನ ಲ್ಯಾಬಿಗೆ ಮೊದಲ ವಿದ್ಯಾರ್ಥಿನಿ ಸೇರಿದಳು. ಅವಳ ಅರ್ಜಿಯ ಪ್ರತಿ ಅಕ್ಷರವನ್ನೂ ನಾನೇ ಕೂತು ಓದಿದೆ. ತುಂಬಾ ಥ್ಯಾಂಕ್ಸ್ ಸರ್.