ಧರ್ಮಕೇಂದ್ರದ ಚರಿತ್ರೆ ಪುಸ್ತಕವಾಯಿತು: ಬೈಂಡರ್ ಅಣ್ಣನಿಗೆ ಮತ್ತು ಎಲ್ಲರಿಗೆ

ಹೋದ ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ನಮ್ಮ ಧರ್ಮಕೇಂದ್ರದ, ಅಂದರೆ ನಮ್ಮ ಚರ್ಚು ಮತ್ತು ಅದಕ್ಕೆ ಸೇರಿದ ಮನೆಗಳ, ಚರಿತ್ರೆಯ ಪುಸ್ತಕ ಬಿಡುಗಡೆ ಮಾಡಿದರು. ತುಮಕೂರಿನಲ್ಲಿ ಓದುವಾಗ ನಮ್ಮ ಚರ್ಚಿಗೆ ಬರುತ್ತಿದ್ದ ವಿದ್ಯಾರ್ಥಿಗಳು ಎಲ್ಲೆಲ್ಲಿಂದಲೋ ಫೋನ್ ಮಾಡಿ ಪುಸ್ತಕ ಬರೆದ ನನ್ನನ್ನು ಹೊಗಳುತ್ತಿದ್ದಾರೆ. ಆ ಮಾತು ಸಲ್ಲಬೇಕಾದವರು ಬೇರೆ ಇದ್ದಾರೆ.

ಫಾದರ್, ಪಾಲನಾ ಸಮಿತಿಯವರು, ಲ್ಯಾಟಿನ್ ಸಾಲುಗಳನ್ನು ಓದಿಕೊಟ್ಟ ಸಿಸ್ಟರ್, ಹಳೇ ಫೋಟೋ ಕೊಟ್ಟ ಮನೆಗಳವರು, ಪರೀಕ್ಷೆಯ ನಡುವೆಯೂ ಟೈಪ್ ಮಾಡಿದ ಹಾಸ್ಟೆಲ್ ಮಕ್ಕಳು, ನಿಮಗೆಲ್ಲ ಮನಸಾರೆ ವಂದನೆ.

ಬೈಂಡರ್ ಅಣ್ಣನ ಬಗ್ಗೆ ಜಾಸ್ತಿ ಬರೆಯಬೇಕು. ಲೈಬ್ರರಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಲೇ ಕೆಲಸ ಮುಗಿಸಿ ನಿವೃತ್ತರಾದವರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ.

ಒಂದು ಮಳೆಯ ರಾತ್ರಿ ಚರ್ಚಿನ ಹಳೇ ಕೋಣೆಯ ಹೆಂಚು ಒಡೆದು, ಜ್ಞಾನಸ್ನಾನ (ಬ್ಯಾಪ್ಟಿಸಂ), ಮದುವೆಗಳನ್ನು ಬರೆದಿಡುವ ರಿಜಿಸ್ಟರುಗಳ ಬೀರುವಿಗೆ ನೀರು ನುಗ್ಗಿತ್ತು. ಫಾದರ್ ಊರಲ್ಲಿರಲಿಲ್ಲ. ಚರ್ಚಿನಲ್ಲಿ ಧರ್ಮಪಾಠ ಹೇಳಿಕೊಡುವ ಉಪದೇಶಿಗಳು ನನಗೆ ಹೇಳಿದರು, ನಾನು ಅಣ್ಣನಿಗೆ ಫೋನ್ ಮಾಡಿದೆ. ಸುರಿಯುವ ಮಳೆಯಲ್ಲೇ ಸ್ಕೂಟರಿನಲ್ಲಿ ಬಂದರು. "ಅಂಟಿರೋ ಪುಟ ಬಿಡಿಸಕ್ಕೆ ಹೋಗ್ಬೇಡಿ ಮೇಡಂ, ಹರಿದುಹೋಗುತ್ತೆ" ಅನ್ನುತ್ತಲೇ ಒಳಗೆ ಬಂದರು. ಪೂರ್ತಿ ನೆನೆದ ಪುಸ್ತಕಗಳನ್ನು ಮಲಗಿಸಿದರು, ಬರೀ ತೇವವಾದವನ್ನು ನಿಲ್ಲಿಸಿ ಫ್ಯಾನ್ ಹಾಕಿದರು. ಪುಟಗಳ ನಡುವೆ ಬಿಳಿ ಹಾಳೆ ಇಡುವುದು, ಅದು ನೆಂದ ಕೂಡಲೇ ಬದಲಿಸುವುದು. ನ್ಯೂಸ್‌ಪೇಪರ್ ಇಟ್ಟರೆ ಅದರ ಮಸಿ ಅಂಟುತ್ತದೆ, ಬಿಸಿಲಿಗಿಟ್ಟರೆ ಕಾಗದ ಸೊಟ್ಟಗಾಗುತ್ತದೆ, ಹಾಗೇ ಬಿಟ್ಟರೆ ಎರಡು ದಿನದಲ್ಲಿ ಬೂಷ್ಟು. ಇದೆಲ್ಲ ಅವರಿಂದಲೇ ಕಲಿತೆ. ತೀರಾ ಹಳೇ ಕಪ್ಪು ಮಸಿ ನೀರಿಗೆ ಜಗ್ಗಿರಲಿಲ್ಲ. ಆಮೇಲಿನ ನೀಲಿ ಇಂಕು ಹರಡಿತ್ತು.

ಅಮ್ಮ ತೀರಿಕೊಂಡ ವಿಷಯ ನಿಮಗೆಲ್ಲ ಗೊತ್ತು. ಆಗ ಅದಾಗಿ ತಿಂಗಳೂ ತುಂಬಿರಲಿಲ್ಲ. ನಡುರಾತ್ರಿ ಕೈಗೆ ಬಂದ ಪುಟದಲ್ಲಿ ಅಪ್ಪ ಅಮ್ಮನ ಮದುವೆ ದಾಖಲಾಗಿತ್ತು. ಅಮ್ಮನ ಸಹಿ ಅರ್ಧ ಅಳಿಸಿಹೋಗಿತ್ತು. ನನಗೆ ತಡೆಯಲಾಗಲಿಲ್ಲ. ಜೋರಾಗಿ ಅತ್ತುಬಿಟ್ಟೆ. ಪುಸ್ತಕ ಬೇಡ, ಚರಿತ್ರೆ ಬೇಡ, ಏನೂ ಬೇಡ ಅಂದೆ. ದೇವರ ಮೇಲೂ ಸಿಟ್ಟು ಬಂದಿತ್ತು. ಅಣ್ಣ ಸಮಾಧಾನದ ಮಾತು ಆಡಲಿಲ್ಲ. ಆ ಪುಟದ ಮೇಲೆ ಹಾಳೆ ಇಟ್ಟು ಅಂಗೈಯಲ್ಲಿ ಮೆಲ್ಲಗೆ ಒತ್ತಿದರು. "ಅರ್ಧ ಇದೆಯಲ್ಲ ಮೇಡಂ, ಇದನ್ನ ಉಳಿಸ್ಕೊಳ್ಳೋಣ" ಅಂದರು. ಬೆಳಗಿನ ಪೂಜೆಯ ಗಂಟೆ ಹೊಡೆಯುವವರೆಗೂ ಅಲ್ಲಿಂದ ಕದಲಲಿಲ್ಲ. ಆಮೇಲೂ ಕೆಲಸ ಮುಗಿಯುವವರೆಗೆ ದಿನಾ ಬಂದರು.

ಆ ಪುಟಗಳು ಉಳಿದದ್ದರಿಂದಲೇ ಪುಸ್ತಕ ಆಯಿತು. ಕ್ಯಾಥೋಲಿಕರು ಯಾವ ಊರಲ್ಲಿ ಮದುವೆಯಾದರೂ, ಜ್ಞಾನಸ್ನಾನ ಆದ ಚರ್ಚಿಗೆ ಸುದ್ದಿ ಹೋಗಿ ಅಲ್ಲಿನ ರಿಜಿಸ್ಟರಿನ ಅಂಚಿನಲ್ಲಿ ಬರೆಯಬೇಕು. ಆ ಅಂಚುಗಳಿಂದಲೇ ನಮ್ಮ ಮಕ್ಕಳು ಎಲ್ಲೆಲ್ಲಿಗೆ ಹೋದರು ಅಂತ ತಿಳಿಯಿತು. ಇನ್ನೊಂದು ಸಂಗತಿ ನನಗೆ ತುಂಬಾ ಹಿಡಿಸಿತು. ನಮ್ಮ ಭಾಗದ ಚರ್ಚುಗಳು ಮೊದಲು ಮೈಸೂರು ಧರ್ಮಪ್ರಾಂತ್ಯದಲ್ಲಿದ್ದವು (ಧರ್ಮಪ್ರಾಂತ್ಯ ಅಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ). 1940ರಲ್ಲಿ ಬೆಂಗಳೂರು ಧರ್ಮಪ್ರಾಂತ್ಯ ಆಯಿತು, 1953ರಲ್ಲಿ ಅದೇ ಆರ್ಚ್‌ಬಿಷಪ್ಪರ ಮಹಾಧರ್ಮಪ್ರಾಂತ್ಯವಾಯಿತು. ಇಲ್ಲಿನ ಕಾಲೇಜು ಮಕ್ಕಳ ಪದವಿಯೂ ಮೊದಲು ಮೈಸೂರು ವಿಶ್ವವಿದ್ಯಾಲಯದ್ದು, ಆಮೇಲೆ ಬೆಂಗಳೂರಿನದು. 2004ರಲ್ಲಿ ತುಮಕೂರಿಗೇ ವಿಶ್ವವಿದ್ಯಾಲಯ ಬಂತು. ಚರ್ಚೂ ಕಾಲೇಜೂ ಒಂದೇ ದಾರಿ ಹಿಡಿದಿದ್ದವು ಅಲ್ವಾ! ಈಗ ಭಾನುವಾರ ಊರಿನ ಹಳೇ ಮನೆಗಳವರ ಪಕ್ಕದಲ್ಲೇ ಹೊರಗಿನಿಂದ ಓದಲು ಬಂದ ಮಕ್ಕಳು ಕೂರುತ್ತಾರೆ. ಅವರಿಗೆ ನಮ್ಮ ಕಥೆ ತಲುಪಬೇಕು ಅನ್ನುವುದೇ ನನ್ನ ಆಸೆಯಾಗಿತ್ತು.

ಪುಸ್ತಕ ಚರ್ಚಿನ ಕಚೇರಿಯಲ್ಲಿ ಸಿಗುತ್ತದೆ. ಅಣ್ಣ ಈಗ ಮದುವೆ ರಿಜಿಸ್ಟರಿಗೆ ಹೊಸ ರಟ್ಟು ಹಾಕುತ್ತಿದ್ದಾರೆ. ಕೂಲಿ ಬೇಡ ಅನ್ನುತ್ತಾರೆ. ಫಾದರ್ ಒಪ್ಪಿಲ್ಲ, ನಾನೂ ಒಪ್ಪಲ್ಲ. ನೀವು ಬಂದಾಗ ಅವರನ್ನು ಕಂಡು ಒಂದು ಮಾತು ಹೇಳಿ ಹೋಗಿ.