ಕಡಲ ಬಂಡೆಯ ಚಿಪ್ಪು ಕೀಳಬೇಡಿ

ಮಾನ್ಯ ಸಂಪಾದಕರೇ,

ಶಿರಾ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಹೋದ ಡಿಸೆಂಬರ್‌ನಲ್ಲಿ ಮಕ್ಕಳನ್ನು ಧರ್ಮಸ್ಥಳ, ಮಂಗಳೂರು ಕಡೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಮುಕ್ಕಾಲು ಪಾಲು ಮಕ್ಕಳು ಕಡಲು ನೋಡಿದ್ದು ಅದೇ ಮೊದಲು. ಮಂಗಳೂರು ಹತ್ತಿರದ ಸೋಮೇಶ್ವರದ ಕಡಲ ಬಂಡೆಗಳಿಂದ ನೀರು ಇಳಿದಿತ್ತು. ಬಂಡೆಗೆ ಅಂಟಿಕೊಂಡಿದ್ದ, ಪುಟ್ಟ ಟೋಪಿಯಂಥ ಚಿಪ್ಪುಗಳನ್ನು ಹುಡುಗರು ಕಲ್ಲಲ್ಲಿ ಕುಟ್ಟಿ ಕಿತ್ತು ಬಾಟಲಿಗೆ ತುಂಬಿಕೊಂಡರು. ಲ್ಯಾಬಿಗೆ ಆಗುತ್ತದೆ ಎಂದುಕೊಂಡು ನಾನೂ ಸುಮ್ಮನಿದ್ದೆ. ಹಾಸನ ದಾಟುವಷ್ಟರಲ್ಲಿ ಬಸ್ಸೆಲ್ಲ ನಾರುತ್ತಿತ್ತು. ಒಂದೂ ಬದುಕಿರಲಿಲ್ಲ.

ಅಲ್ಲೇ ಪಚ್ಚಿಲೆ (ಬಂಡೆಗೆ ಅಂಟಿ ಬೆಳೆಯುವ, ಅಡುಗೆಗೆ ಬಳಸುವ ಚಿಪ್ಪುಜೀವಿ) ಕೀಳುತ್ತಿದ್ದ ಹೆಂಗಸೊಬ್ಬರು ಆಗಲೇ ಹೇಳಿದ್ದರು: 'ಹೀಗೆ ಬೋಳು ಮಾಡಿದರೆ ಮತ್ತೆ ಬರ್ಲಿಕ್ಕೆ ತುಂಬ ಸಮಯ ಬೇಕು ಮಾಸ್ಟ್ರೆ. ನಾವು ದೊಡ್ಡದು ಮಾತ್ರ ತೆಗೆಯುದು, ಸಣ್ಣದು ಬಿಡ್ತೇವೆ.' ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಊರಿಗೆ ಬಂದ ಮೇಲೆ ಹುಡುಕಿ ಓದಿದೆ.

ಹುಡುಗರು ಕಿತ್ತ ಆ ಟೋಪಿ ಚಿಪ್ಪಿನ ಜೀವಿಯ ಹೆಸರು ಲಿಂಪೆಟ್. ಬಂಡೆಯ ಮೇಲಿನ ಪಾಚಿ ಮೇಯುತ್ತದೆ. ನಮ್ಮ ಗೋಮಾಳಕ್ಕೆ ಕುರಿ ಹೇಗೋ ಕಡಲ ಬಂಡೆಗೆ ಅದು ಹಾಗೆ. ನಾನು ಕುರಿ ಸಾಕುವ ಮನೆಯಲ್ಲಿ ಬೆಳೆದವನು, ಇದು ಬೇಗ ಅರ್ಥವಾಯಿತು. ಹಲವು ಜಾತಿಯ ಲಿಂಪೆಟ್‌ಗಳು ಮೇದು ಮತ್ತೆ ತಮ್ಮ ಜಾಗಕ್ಕೇ ಬರುತ್ತವೆ. ಚಿಪ್ಪಿನ ಅಂಚು ಆ ಕಲ್ಲಿನ ಉಬ್ಬುತಗ್ಗಿಗೆ ಸರಿಯಾಗಿ ಕೂರುವ ಹಾಗೆ ಬೆಳೆದಿರುತ್ತದೆ. ಕಿತ್ತು ಬೇರೆ ಕಡೆ ಇಟ್ಟರೆ ಬಿಸಿಲಿಗೆ ಒಣಗಿಹೋಗಬಹುದು.

ಲಿಂಪೆಟ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಿಕ್ಕಿತು. 1967ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಹತ್ತಿರ ಟೋರಿ ಕ್ಯಾನಿಯನ್ ಎಂಬ ತೈಲದ ಹಡಗು ಬಂಡೆಗೆ ಬಡಿಯಿತು. ಅದರಲ್ಲಿ ಒಂದು ಲಕ್ಷ ಟನ್ನಿಗೂ ಜಾಸ್ತಿ ಕಚ್ಚಾ ತೈಲ ಇತ್ತು. ದಡ ತೊಳೆಯಲು ಸಾವಿರಾರು ಟನ್ ಮಾರ್ಜಕ ಸುರಿದರು. ಅದು ತೈಲಕ್ಕಿಂತ ದೊಡ್ಡ ವಿಷವಾಯಿತು. ಲಿಂಪೆಟ್‌ಗಳು ಸತ್ತವು. ಮೇಯುವವು ಇಲ್ಲದೆ ಬಂಡೆಯೆಲ್ಲ ಹಸಿರು ಪಾಚಿ, ಅದರ ಹಿಂದೆ ಕಂದು ಕಡಲಕಳೆ. ಆ ಕಳೆಯ ಮರೆಯಲ್ಲಿ ಲಿಂಪೆಟ್ ಮರಿಗಳು ವಿಪರೀತ ಬೆಳೆದವು. ಇದ್ದಬದ್ದದ್ದೆಲ್ಲ ಮೇದು, ಕೊನೆಗೆ ಮೇವಿಲ್ಲದೆ ಮತ್ತೆ ಸತ್ತವು. ಜಾಸ್ತಿ ತೊಳೆದ ಬಂಡೆಗಳು ಮೊದಲಿನಂತಾಗಲು 10ರಿಂದ 15 ವರ್ಷ ಹಿಡಿಯಿತು. ತೈಲ ಮೆತ್ತಿದರೂ ಮಾರ್ಜಕ ಬೀಳದ ಬಂಡೆಗಳು 2–3 ವರ್ಷದಲ್ಲೇ ಚೇತರಿಸಿಕೊಂಡವು. ಒಂದು ಏಟನ್ನು ಅವು ತಡೆದುಕೊಂಡಿದ್ದವು. ಮುಗಿಸಿದ್ದು ಅದರ ಬೆನ್ನಿಗೇ ಬಿದ್ದ ಎರಡನೆಯ ಏಟು.

ಇದು ನಮ್ಮ ಮನೆಯಲ್ಲೂ ಆಗಿದೆ. 2002–03ರ ಬರ ಒಂದೇ ಆಗಿದ್ದರೆ ಅಪ್ಪ ಹೇಗೋ ತಡೆದುಕೊಳ್ಳುತ್ತಿದ್ದರು. ಬಡಕಲಾದ ಕುರಿಗಳಿಗೆ ನೀಲಿನಾಲಿಗೆ ರೋಗವೂ ಬಂತು. ಎಪ್ಪತ್ತರಲ್ಲಿ ಹನ್ನೆರಡು ಉಳಿದವು. ಮಂದೆ ಮತ್ತೆ ಕೂಡಲು ಏಳು ವರ್ಷ ಬೇಕಾಯಿತು, ಅದೂ ಪಕ್ಕದ ಹಟ್ಟಿಯ ಮಾವ ನಾಲ್ಕು ಹೆಣ್ಣುಮರಿ ಕೊಟ್ಟಿದ್ದಕ್ಕೆ. ಬೋಳು ಬಂಡೆಗೂ ಅಷ್ಟೆ. ಬೇರೆ ಬಂಡೆಗಳ ಬಾರ್ನಕಲ್ (ಬಂಡೆಗೆ ಅಂಟಿಕೊಂಡೇ ಬದುಕುವ ಪುಟ್ಟ ಚಿಪ್ಪಿನ ಜೀವಿ), ಪಚ್ಚಿಲೆ ಮರಿಗಳು ನೀರಲ್ಲಿ ತೇಲಿ ಬಂದು ಅಂಟಿಕೊಳ್ಳಬೇಕು. ಆ ಬಂಡೆಗಳನ್ನೂ ನಾವೇ ಕೆರೆದಿದ್ದರೆ ಮರಿ ಎಲ್ಲಿಂದ ಬರಬೇಕು?

ನಮ್ಮ ಕರಾವಳಿಯ ಬಂಡೆಗಳಿಗೆ ಮಳೆಗಾಲದ ಅಲೆ, ಹೊಳೆಯ ಸಿಹಿನೀರು ಹೇಗೂ ತಪ್ಪಿದ್ದಲ್ಲ. ಏಪ್ರಿಲ್–ಮೇ ಬಿಸಿಲು ಬೇರೆ. ಸುಧಾರಿಸಿಕೊಳ್ಳಲು ಸಿಗುವ ಬಿಡುವೇ ಮಳೆ ಮುಗಿದ ಮೇಲಿನ ತಿಂಗಳುಗಳು. ಶಾಲೆಗಳ ಬಸ್ಸುಗಳು ಹೋಗುವುದೂ ಆಗಲೇ ಅಲ್ವಾ? 2022ರ ಜೂನ್‌ನಲ್ಲಿ ಉಳ್ಳಾಲದ ಹತ್ತಿರ ಪ್ರಿನ್ಸೆಸ್ ಮಿರಾಲ್ ಹಡಗು ಮುಳುಗಿದ್ದನ್ನು ನಾವೆಲ್ಲ ಓದಿದ್ದೇವೆ. ಅಂಥದ್ದನ್ನು ತಡೆಯುವುದು ನನ್ನ ಕೈಲಿಲ್ಲ. ಮಕ್ಕಳ ಕೈಯ ಕಲ್ಲನ್ನು ಕೆಳಗಿಡಿಸುವುದು ನನ್ನ ಕೈಲಿತ್ತು, ನಾನು ಮಾಡಲಿಲ್ಲ.

ಶಿಕ್ಷಣ ಇಲಾಖೆ ಪ್ರವಾಸಕ್ಕೆ ಅನುಮತಿ ಕೊಡುವ ಪತ್ರದಲ್ಲಿ ಒಂದು ಸಾಲು ಸೇರಿಸಲಿ: ಬಂಡೆಗೆ ಅಂಟಿದ ಜೀವಿಗಳನ್ನು ಕೀಳಬಾರದು, ಮಗುಚಿ ನೋಡಿದ ಕಲ್ಲನ್ನು ಇದ್ದ ಹಾಗೇ ಇಡಬೇಕು. ಸೋಮೇಶ್ವರ, ಮುರುಡೇಶ್ವರದಂಥ ಕಡೆ ಕನ್ನಡದಲ್ಲಿ ಒಂದು ಬೋರ್ಡು ಹಾಕಲಿ.

ಈ ಡಿಸೆಂಬರ್‌ನಲ್ಲಿ ಅಲ್ಲಿಗೇ ಮತ್ತೆ ಹೋಗುತ್ತೇವೆ. ಬಾಟಲಿ ಬಸ್ಸಿನಲ್ಲೇ ಇರುತ್ತದೆ. ಪ್ರತಿ ಗುಂಪಿಗೆ ಒಂದು ಮೊಳದ ದಾರದ ಚೌಕ, ಒಂದು ನೋಟ್‌ಬುಕ್ಕು ಕೊಡುತ್ತೇನೆ. ಚೌಕದೊಳಗೆ ಎಷ್ಟು ಲಿಂಪೆಟ್ ಇವೆ ಎಂದು ಎಣಿಸಿ ಬರೆದುಕೊಳ್ಳಲಿ. ಮುಂದಿನ ವರ್ಷದ ಮಕ್ಕಳು ಅದೇ ಬಂಡೆಯಲ್ಲಿ ಮತ್ತೆ ಎಣಿಸುತ್ತಾರೆ.

– ಒಬ್ಬ ವಿಜ್ಞಾನ ಶಿಕ್ಷಕ, ಶಿರಾ ತಾಲ್ಲೂಕು, ತುಮಕೂರು ಜಿಲ್ಲೆ